ನಿವೃತ್ತಿಗೆ ಊರು ಹುಡುಕುವಾಗ ಮೀನು ಸಿಗೋ ನೀರನ್ನೂ ನೋಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ತಿಂಗಳು ನಿಮ್ಮ ಓದುಗರ ಪತ್ರದ ಪುಟದಲ್ಲಿ ಒಬ್ಬ ಹಿರಿಯರು ಬರೆದಿದ್ರು, ಅಮೆರಿಕಾದಲ್ಲಿ ಮೂವತ್ತು ವರ್ಷ ದುಡಿದ ನಮ್ಮವರು ರಿಟೈರ್ ಆದ್ಮೇಲೆ ಊರಿಗೆ ವಾಪಸ್ ಬರೋದು ಬಿಟ್ಟು ಅಲ್ಲೇ ಯಾವುದೋ ಕೆರೆ ಪಕ್ಕ ಮನೆ ತಗೊಂಡು ಗಾಳ ಹಾಕ್ಕೊಂಡು ಕೂತಿದಾರೆ, ಓದಿದ್ದು ಬರೆದಿದ್ದು ಎಲ್ಲಾ ಇದಕ್ಕೇನಾ ಅಂತ. ಅವರ ಬೇಸರ ನಂಗೆ ಅರ್ಥ ಆಗತ್ತೆ, ಅವರ ಮನೆಯವರೇ ಯಾರೋ ಹಾಗೆ ಮಾಡಿರ್ಬೇಕು ಅನ್ಸತ್ತೆ. ಆದ್ರೆ ನಾನೂ ಅದನ್ನೇ ಮಾಡಿದವನು. ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹುಟ್ಟಿ, ಡಲ್ಲಾಸ್ ಕಡೆ ಕೆಲಸ ಮಾಡಿ, ಈಗ ಹೆಂಡತಿ ಜೊತೆ ಅಲಬಾಮಾ ರಾಜ್ಯದ ಗಂಟರ್ಸ್‌ವಿಲ್ ಕೆರೆ ಹತ್ರ ಬಂದು ನೆಲೆಸಿದೀನಿ, ಬಂದ ದೊಡ್ಡ ಕಾರಣ ಇಲ್ಲಿನ ಬ್ಯಾಸ್ ಮೀನು. ಇದನ್ನ ನಾವಿಬ್ರೂ ಕೂತು ವರ್ಷಗಟ್ಟಲೆ ಯೋಚ್ನೆ ಮಾಡಿ ಮಾಡಿದ್ದು, ಹಾಗಾಗಿ ಆ ಹಿರಿಯರಿಗೂ, ಈ ತರ ಯೋಚ್ನೆಯಲ್ಲಿರೋ ಬೇರೆಯವರಿಗೂ ಸ್ವಲ್ಪ ವಿವರವಾಗಿ ಬರೀಬೇಕು ಅನ್ನಿಸ್ತು, ಪತ್ರ ಉದ್ದ ಆದ್ರೆ ದಯವಿಟ್ಟು ಪೂರ್ತಿ ಹಾಕಿ.

ನಮ್ಮವರಲ್ಲಿ ರಿಟೈರ್‌ಮೆಂಟ್ ಮಾತು ಬಂತು ಅಂದ್ರೆ ಮೊದ್ಲು ದುಡ್ಡು, ಆಮೇಲೆ ಮಕ್ಕಳು ಎಲ್ಲಿದಾರೆ, ಆಮೇಲೆ ಟ್ಯಾಕ್ಸು, ಆಮೇಲೆ ಆಸ್ಪತ್ರೆ, ಅಲ್ಲಿಗೆ ಮಾತು ಮುಗೀತು. ಬೆಳಿಗ್ಗೆ ಎದ್ದು ಕಾಫಿ ಕುಡಿದ ಮೇಲೆ ಏನ್ ಮಾಡ್ತೀರಿ ಅಂತ ಯಾರೂ ಕೇಳಲ್ಲ. ಡಲ್ಲಾಸ್ ಸುತ್ತ ಮುತ್ತ ನಾನು ನೋಡಿದ ಎಷ್ಟೋ ಜನ, ಒಳ್ಳೊಳ್ಳೆ ಹುದ್ದೆಯಲ್ಲಿದ್ದೋರು, ರಿಟೈರ್ ಆಗಿ ಆರು ತಿಂಗಳಿಗೆ ಮಂಕಾಗಿಬಿಟ್ರು, ಮನೆ ದೊಡ್ಡದಿದೆ, ದುಡ್ಡಿದೆ, ಮೊಮ್ಮಕ್ಕಳು ಶನಿವಾರ ಬರ್ತಾರೆ, ಉಳಿದ ದಿನ ಟೀವಿ ಮತ್ತು ಫೋನು. ಅರವತ್ತೈದು ದಾಟಿದ ಮನುಷ್ಯನಿಗೆ ದಿನಾ ಮನೆಯಿಂದ ಆಚೆ ಎಳೆಯೋದು ಏನಾದ್ರೂ ಬೇಕೇ ಬೇಕು, ಅದು ತೋಟ ಆಗ್ಬಹುದು, ಸಂಗೀತ ಆಗ್ಬಹುದು, ದೇವಸ್ಥಾನದ ಕೆಲಸ ಆಗ್ಬಹುದು, ನನಗೆ ಅದು ಮೀನು. ಅದಕ್ಕೆ ತಕ್ಕ ಊರು ಹುಡುಕೋದು ಹುಚ್ಚಾಟ ಅಂತ ನಂಗೆ ಅನ್ನಿಸಲ್ಲ.

ಬ್ಯಾಸ್ ಅಂದ್ರೆ ಏನು ಅಂತ ಗೊತ್ತಿಲ್ದೋರಿಗೆ ಹೇಳ್ತೀನಿ. ಲಾರ್ಜ್‌ಮೌತ್ ಬ್ಯಾಸ್ ಅನ್ನೋದು ಉತ್ತರ ಅಮೆರಿಕಾದ ಸಿಹಿನೀರಿನ ಮೀನು, ಹಸಿರು ಮೈ, ಪಕ್ಕದಲ್ಲಿ ಉದ್ದಕ್ಕೂ ಒಂದು ಕಪ್ಪು ಪಟ್ಟೆ, ಬಾಯಿ ಎಷ್ಟು ದೊಡ್ಡದು ಅಂದ್ರೆ ಮೇಲ್ದವಡೆ ಕಣ್ಣಿನಿಂದ ಹಿಂದಕ್ಕೆ ಹೋಗಿರತ್ತೆ. ನೀರಲ್ಲಿ ಬಿದ್ದ ಮರ, ಜೊಂಡು, ನೀರುಕಳೆ, ಇಂಥಾ ಜಾಗದಲ್ಲಿ ಅಡಗಿ ಕೂತು ಪಕ್ಕ ಬಂದಿದ್ದರ ಮೇಲೆ ಒಂದೇ ಸಲ ನುಗ್ಗತ್ತೆ. ನಮ್ಮ ಕಡೆ ಕೆರೆಗಳಲ್ಲಿ ಕೊರವ ಮೀನು ಹಿಡಿದವರಿಗೆ ಇದರ ಸ್ವಭಾವ ತಕ್ಷಣ ಗೊತ್ತಾಗತ್ತೆ, ಅದೇ ಅಡಗೋ ಬುದ್ಧಿ, ಅದೇ ಮರಿ ಕಾಯೋ ಗುಣ, ಬ್ಯಾಸಲ್ಲಿ ಗಂಡು ಮೀನು ಗೂಡು ಕಾಯತ್ತೆ, ಹತ್ರ ಬಂದಿದ್ದನ್ನೆಲ್ಲ ಓಡಿಸತ್ತೆ. ನಾನು ಚಿಕ್ಕವನಿದ್ದಾಗ ಮುಂಗಾರು ಶುರುವಾಗಿ ಹಳ್ಳಕ್ಕೆ ಮೀನು ಹತ್ತೋ ಹೊತ್ತಿಗೆ ಅಪ್ಪನ ಜೊತೆ ಕೂಣಿ, ಅಂದ್ರೆ ಮೀನು ಹಿಡಿಯೋ ಬುಟ್ಟಿ, ಇಡೋಕೆ ಹೋಗ್ತಿದ್ದೆ, ಬೇಸಿಗೆಯಲ್ಲಿ ಎರೆಹುಳ ಚುಚ್ಚಿ ಗಾಳ. ಆ ಕೈ ಅಭ್ಯಾಸ ಎಲ್ಲೂ ಹೋಗಲ್ಲ. ಇಲ್ಲಿ ಎರೆಹುಳದ ಬದ್ಲು ಪ್ಲಾಸ್ಟಿಕ್ ಹುಳ, ರಬ್ಬರ್ ಕಪ್ಪೆ, ಗಿಲಿಗಿಲಿ ಅನ್ನೋ ಲ್ಯೂರ್ ಅಂದ್ರೆ ಮೀನನ್ನ ಸೆಳೆಯೋ ನಕಲಿ ಬೇಟೆ, ಅಷ್ಟೇ ವ್ಯತ್ಯಾಸ. ರಾಡ್ ಹಗುರ, ಭುಜಕ್ಕೆ ಭಾರ ಇಲ್ಲ, ಮಂಡಿ ನೋವು ಇದ್ರೂ ದಡದಲ್ಲಿ ಮಡಚೋ ಕುರ್ಚಿ ಹಾಕ್ಕೊಂಡು ಮಾಡ್ಬಹುದು. ಎಪ್ಪತ್ತೈದು ಎಂಬತ್ತರ ವಯಸ್ಸಿನೋರು ದಿನಾ ಬರ್ತಾರೆ, ಅವರ ಜೊತೆ ಮಾತಾಡ್ತಾ ಮಾತಾಡ್ತಾನೇ ಈ ಊರಲ್ಲಿ ನಂಗೆ ಪರಿಚಯ ಬೆಳೆದಿದ್ದು.

ಇನ್ನೊಂದು ವಿಷ್ಯ, ಇಲ್ಲಿ ಬ್ಯಾಸ್ ಹಿಡಿಯೋರಲ್ಲಿ ಹೆಚ್ಚಿನೋರು ಮೀನನ್ನ ವಾಪಸ್ ನೀರಿಗೇ ಬಿಡ್ತಾರೆ. ರೇ ಸ್ಕಾಟ್ ಅಂತ ಇದೇ ಅಲಬಾಮಾದವರು 1960ರ ದಶಕದ ಕೊನೆಯಲ್ಲಿ ಬ್ಯಾಸ್ ಹಿಡಿಯೋರ ದೊಡ್ಡ ಸಂಘ ಕಟ್ಟಿದ್ರು, 1972ರಿಂದ ಸ್ಪರ್ಧೆಗಳಲ್ಲಿ ಮೀನು ಜೀವಂತ ಬಿಡ್ಬೇಕು ಅಂತ ಹಟ ಹಿಡಿದ್ರು, ಆ ಒಂದು ಪದ್ಧತಿ ಇಡೀ ದೇಶದ ಅಭ್ಯಾಸವನ್ನೇ ಬದಲಾಯಿಸ್ತು. ನಮ್ಮ ಮನೇಲಿ ಹೆಂಡತಿ ಮೀನು ತಿನ್ನಲ್ಲ, ಹಾಗಾಗಿ ಇದು ನಮಗೂ ಹೊಂದಿಕೊಂಡಿದೆ.

ಈಗ ಊರು ಆರಿಸೋ ವಿಷ್ಯಕ್ಕೆ ಬರ್ತೀನಿ. ನಾವು ಮೊದ್ಲು ನೋಡಿದ್ದು ಟೆಕ್ಸಸ್‌ದೇ ಲೇಕ್ ಫೋರ್ಕ್, ಡಲ್ಲಾಸಿಂದ ಪೂರ್ವಕ್ಕೆ ಒಂದೂವರೆ ಗಂಟೆ ದಾರಿ, ಸುಮಾರು 27,000 ಎಕರೆ ನೀರು. 1980ರಲ್ಲಿ ಅಣೆಕಟ್ಟು ಮುಗಿದಿದ್ದು, ನೀರು ತುಂಬೋ ಮುಂಚೆಯಿಂದಾನೇ ಫ್ಲೋರಿಡಾ ತಳಿಯ ಮರಿ ಬಿಟ್ಟು ಬೆಳೆಸಿದ ಜಾಗ ಅದು. ಟೆಕ್ಸಸ್ ರಾಜ್ಯದ ದಾಖಲೆ ಬ್ಯಾಸ್, 18.18 ಪೌಂಡ್, ಅಂದ್ರೆ ಎಂಟು ಕೇಜಿ ಮೇಲೆ, ಅಲ್ಲೇ 1992ರ ಜನವರಿಯಲ್ಲಿ ಸಿಕ್ಕಿದ್ದು. ಅಲ್ಲಿನ ನಿಯಮ ನಂಗೆ ಬಹಳ ಇಷ್ಟ, 16 ಇಂಚಿಂದ 24 ಇಂಚಿನ ನಡುವಿನ ಮೀನು ಯಾವುದೂ ಮನೆಗೆ ಒಯ್ಯೋಹಾಗಿಲ್ಲ, 24 ಇಂಚು ಮೇಲಿನದು ದಿನಕ್ಕೆ ಒಂದೇ ಒಂದು. ಮರಿ ಹಾಕೋ ವಯಸ್ಸಿನ ಮೀನು ಹಾಗೇ ಉಳ್ಕೊಳ್ಳತ್ತೆ. ಅದರ ಮೇಲೆ 1986ರಿಂದ ರಾಜ್ಯದವರದ್ದು ಒಂದು ಕಾರ್ಯಕ್ರಮ ಇದೆ, 13 ಪೌಂಡ್ ಅಥವಾ ಅದಕ್ಕಿಂತ ದೊಡ್ಡ ಬ್ಯಾಸ್ ಸಿಕ್ಕಿದ್ರೆ ಅವರಿಗೆ ಫೋನ್ ಮಾಡಿದ್ರೆ ಸಾಕು, ಮೊಟ್ಟೆ ಕಾಲದಲ್ಲಿ ಆ ಮೀನನ್ನ ಸಾಲವಾಗಿ ತಗೊಂಡು ಮರಿ ಮಾಡಿಸಿ ಮರಿಗಳನ್ನ ಕೆರೆಗಳಿಗೆ ಬಿಡ್ತಾರೆ. ಸಾಮಾನ್ಯ ಜನ ಹಿಡಿದ ಮೀನಿಂದ ಇಡೀ ರಾಜ್ಯದ ತಳಿ ಸುಧಾರಿಸೋದು ಅಂದ್ರೆ ಎಷ್ಟು ಒಳ್ಳೆ ಕೆಲಸ ನೋಡಿ. ಆದ್ರೂ ನಾವು ಅಲ್ಲಿ ಮನೆ ತಗೊಳ್ಳಲಿಲ್ಲ. ಕೆರೆ ತುಂಬಾ ಮುಳುಗಿದ ಮರಗಳು, ಬೋಟ್ ಇಲ್ದೆ ಒಳ್ಳೆ ಜಾಗಕ್ಕೆ ಹೋಗೋದು ಕಷ್ಟ, ದಡದಿಂದ ಹಿಡಿಯೋ ಅವಕಾಶ ಕಮ್ಮಿ, ಮತ್ತೆ ದೊಡ್ಡ ಆಸ್ಪತ್ರೆ ಅಂದ್ರೆ ದೂರ ಹೋಗ್ಬೇಕು. ವಾರಾಂತ್ಯಕ್ಕೆ ಹೋಗಿ ಬರೋಕೆ ಸ್ವರ್ಗ, ಎಂಬತ್ತನೇ ವಯಸ್ಸಲ್ಲಿ ಅಲ್ಲೇ ಇರೋದು ಬೇರೆ ಮಾತು.

ಫ್ಲೋರಿಡಾ ಬಗ್ಗೆ ಎಲ್ರೂ ಹೇಳ್ತಾರೆ, ಸ್ಟೇಟ್ ಇನ್‌ಕಮ್ ಟ್ಯಾಕ್ಸ್ ಇಲ್ಲ, ಚಳಿ ಇಲ್ಲ, 65 ಆದ ರಾಜ್ಯದ ನಿವಾಸಿಗೆ ಮೀನಿನ ಲೈಸೆನ್ಸ್ ಬೇಕಾಗಿಲ್ಲ. ಒಕೀಚೋಬಿ ಕೆರೆ ನೋಡಿದ್ರೆ ಸಮುದ್ರ ಅನ್ಸತ್ತೆ, 730 ಚದರ ಮೈಲಿ, ಆದ್ರೆ ಆಳ ಸರಾಸರಿ ಒಂಬತ್ತೇ ಅಡಿ. 1928ರ ಚಂಡಮಾರುತದಲ್ಲಿ ಆ ಕೆರೆ ಉಕ್ಕಿ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತ ಮೇಲೆ ಸುತ್ತಲೂ ಎತ್ತರದ ಏರಿ ಕಟ್ಟಿದಾರೆ, ಹಾಗಾಗಿ ಕೆರೆ ಪಕ್ಕದ ಊರಲ್ಲಿ ಇದ್ರೂ ಏರಿ ಹತ್ತದೆ ನೀರು ಕಾಣಲ್ಲ. ಬೇಸಿಗೆಯಲ್ಲಿ ನೀಲಿ ಹಸಿರು ಪಾಚಿ ಹಬ್ಬೋ ತೊಂದರೆ, ಚಂಡಮಾರುತದ ಭಯ, ಮನೆ ಇನ್ಶೂರೆನ್ಸ್ ವರ್ಷ ವರ್ಷ ಏರೋದು. ಅಲ್ಲಿ ಇರೋರಿಗೆ ಅದು ಪ್ರೀತಿಯ ಜಾಗವೇ, ಸೇಂಟ್ ಜಾನ್ಸ್ ನದಿ ಕಡೆಯಂತೂ ಜನವರಿಯಿಂದಲೇ ಮೀನು ಗೂಡು ಮಾಡೋಕೆ ಶುರು ಮಾಡತ್ತೆ. ನಮಗೆ ಇನ್ಶೂರೆನ್ಸ್ ಲೆಕ್ಕ ಹಾಕಿದಾಗ ಟ್ಯಾಕ್ಸ್ ಉಳಿಯೋದೆಲ್ಲ ಅಲ್ಲೇ ಹೋಗತ್ತೆ ಅನ್ನಿಸ್ತು, ಮುಂದೆ ಹೋದ್ವಿ.

ಗಂಟರ್ಸ್‌ವಿಲ್ ನಮ್ಮ ಮನಸ್ಸಿಗೆ ಬಂದಿದ್ದು ಹೇಗೆ ಅಂದ್ರೆ ಮಗಳು ಅಟ್ಲಾಂಟದಲ್ಲಿ ಇರೋದು, ಅಲ್ಲಿಂದ ಮೂರು ಗಂಟೆ ಡ್ರೈವ್. ಟೆನೆಸಿ ನದಿಗೆ ಟೀವೀಏ, ಅಂದ್ರೆ 1933ರಲ್ಲಿ ರೂಸ್‌ವೆಲ್ಟ್ ಕಾಲದಲ್ಲಿ ಶುರುವಾದ ಟೆನೆಸಿ ಕಣಿವೆ ಪ್ರಾಧಿಕಾರ, ಸಾಲಾಗಿ ಕಟ್ಟಿದ ಅಣೆಕಟ್ಟುಗಳಲ್ಲಿ ಇದೂ ಒಂದು, 1939ರಲ್ಲಿ ಮುಗೀತು. 69,000 ಎಕರೆ, ಎಪ್ಪತ್ತೈದು ಮೈಲಿ ಉದ್ದ, ಅಲಬಾಮಾದ ಅತಿ ದೊಡ್ಡ ಕೆರೆ. ಊರು ಮೂರು ಕಡೆ ನೀರಿನ ಮಧ್ಯೆ ಚಾಚಿಕೊಂಡಿದೆ, ಊರಿಗೆ ಬರೋ ರಸ್ತೆಗಳೇ ನೀರಿನ ಮೇಲೆ ಹಾದು ಬರತ್ತೆ, ಆ ರಸ್ತೆಗಳ ಬದಿಯ ಕಲ್ಲಿನ ದಡದಿಂದಾನೇ ಒಳ್ಳೆ ಮೀನು ಸಿಗತ್ತೆ. ಸುತ್ತ ಕಾಡು ಗುಡ್ಡ. ಚಳಿಗಾಲದಲ್ಲಿ ಬೋಳು ಹದ್ದು ಅಂತಾರಲ್ಲ, ಅಮೆರಿಕಾದ ರಾಷ್ಟ್ರಪಕ್ಷಿ, ಅವು ಬರ್ತವೆ, ಸ್ಟೇಟ್ ಪಾರ್ಕಲ್ಲಿ ಅದಕ್ಕೆ ಅಂತಲೇ ಜನ ಸೇರ್ತಾರೆ. ನನ್ನ ಹೆಂಡತಿ ಮೊದಲ ಸಲ ಬಂದಾಗ ಆ ಗುಡ್ಡ ನೋಡಿ, "ರೀ, ಇದು ತಾಳಗುಪ್ಪದ ಕಡೆ ಇದ್ದಹಾಗೇ ಇದೆ ಅಲ್ವಾ" ಅಂದ್ಲು, ಅವಳು ಅಷ್ಟು ಹೇಳಿದ್ಮೇಲೆ ನಂಗೆ ಅರ್ಧ ಸಮಾಧಾನ ಆಯ್ತು.

ನೀರಿನ ಮಟ್ಟದ ಬಗ್ಗೆ ಶರಾವತಿ ಸೀಮೆಯವನಾಗಿ ನಾನು ಒಂದು ಮಾತು ಹೇಳ್ಲೇಬೇಕು. ಲಿಂಗನಮಕ್ಕಿ 1964ರಲ್ಲಿ ಆಯ್ತು, ಅದರ ಹಿನ್ನೀರು ನೋಡಿದೋರಿಗೆ ಗೊತ್ತು, ಮಳೆಗಾಲದ ಕೊನೆಗೆ ತುಂಬಿ ತುಳುಕತ್ತೆ, ಬೇಸಿಗೆಯಲ್ಲಿ ನೀರು ಎಷ್ಟು ಕೆಳಗೆ ಇಳಿಯತ್ತೆ ಅಂದ್ರೆ ಹಳೇ ಮಡೆನೂರು ಅಣೆಕಟ್ಟೇ ಮೇಲೆ ಬಂದು ಕಾಣತ್ತೆ, ದಡ ಅನ್ನೋದು ಮೈಲಿ ದೂರ ಹೋಗಿಬಿಡತ್ತೆ. ಅಮೆರಿಕಾದಲ್ಲೂ ಅಂಥ ಕೆರೆ ಬಹಳ ಇದೆ, ಮನೆ ಮುಂದೆ ನೀರಿದೆ ಅಂತ ಕೊಂಡು ಚಳಿಗಾಲದಲ್ಲಿ ಬರೀ ಕೆಸರು ನೋಡ್ಕೊಂಡು ಕೂರ್ಬೇಕು. ಗಂಟರ್ಸ್‌ವಿಲ್ಲಲ್ಲಿ ಹಡಗು ಓಡಾಡೋ ನದಿ ಆದ್ದರಿಂದ ಬೇಸಿಗೆಗೂ ಚಳಿಗಾಲಕ್ಕೂ ಎರಡು ಅಡಿ ಅಷ್ಟೇ ವ್ಯತ್ಯಾಸ. ದಡದಲ್ಲಿ ಕೂತು ಹಿಡಿಯೋ ವಯಸ್ಸಾದೋರಿಗೆ ಇದಕ್ಕಿಂತ ಮುಖ್ಯವಾದ್ದು ಬೇರೆ ಇಲ್ಲ, ಆದ್ರೆ ಮನೆ ತೋರಿಸೋ ಏಜೆಂಟ್‌ಗಳು ಇದನ್ನ ತಾವಾಗಿ ಹೇಳಲ್ಲ, ಕೇಳ್ಬೇಕು. ಇಲ್ಲೂ ಅಣೆಕಟ್ಟು ಕಟ್ಟುವಾಗ ಜನ ಹೊಲ ಮನೆ ಬಿಟ್ಟು ಹೋಗಿದಾರೆ, ಸ್ಮಶಾನಗಳನ್ನ ಎತ್ತಿ ಬೇರೆ ಕಡೆ ಇಟ್ಟಿದಾರೆ, ನಮ್ಮ ಕಡೆ ಮುಳುಗಡೆ ಜನರ ಕಷ್ಟ ಕೇಳಿ ಬೆಳೆದೋನು ನಾನು, ಹಾಗಾಗಿ ಇಲ್ಲಿನ ಹಳಬರು ಆ ಕತೆ ಹೇಳಿದ್ರೆ ಸುಮ್ನೆ ಕೂತು ಕೇಳ್ತೀನಿ.

ಇನ್ನು ನೀರುಕಳೆ. ಗಂಟರ್ಸ್‌ವಿಲ್ ಬ್ಯಾಸಿಗೆ ಹೆಸರಾಗಿರೋದೇ ಅದರ ಕಳೆಯಿಂದ, ಹೈಡ್ರಿಲ್ಲಾ ಮತ್ತು ಮಿಲ್‌ಫಾಯಿಲ್. ಹೈಡ್ರಿಲ್ಲಾ ನಮ್ಮ ಕಡೆಯ ಗಿಡ, ನಮ್ಮೂರ ಕೆರೆಗಳಲ್ಲೆಲ್ಲಾ ಇರೋದೇ, 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದವರು ಫ್ಲೋರಿಡಾಕ್ಕೆ ತಂದಿದ್ದು ಅಲ್ಲಿಂದ ತಪ್ಪಿಸ್ಕೊಂಡು ದಕ್ಷಿಣದ ರಾಜ್ಯಗಳಿಗೆಲ್ಲ ಹರಡಿದೆ. ಬೋಟಿನ ಮೋಟರ್‌ಗೆ ಸಿಕ್ಕೊಳ್ಳತ್ತೆ ಅಂತ ದಡದ ಮನೆಗಳೋರು ಬೈತಾರೆ, ಮೀನು ಹಿಡಿಯೋರು ಔಷಧಿ ಹೊಡೀಬೇಡಿ ಅಂತಾರೆ, ಈ ಜಗಳ ಪ್ರತಿ ವರ್ಷ ಇದ್ದಿದ್ದೇ. ಫೆಬ್ರವರಿಯಲ್ಲಿ ಕಳೆಯ ಮೇಲೆ ಗಿಲಿಗಿಲಿ ಲ್ಯೂರ್ ಎಳೆದ್ರೆ, ಅದು ಕಳೆಗೆ ಸಿಕ್ಕು ಕಿತ್ತು ಬರೋ ಹೊತ್ತಿಗೆ ಸರಿಯಾಗಿ ಬ್ಯಾಸ್ ಹೊಡೆಯತ್ತೆ. ಮಾರ್ಚ್ ಕೊನೆಯಿಂದ ಏಪ್ರಿಲ್, ನೀರು 15 ಡಿಗ್ರಿ ಸೆಲ್ಸಿಯಸ್ ದಾಟಿ ಬಿಸಿ ಏರ್ತಾ ಹೋದಂಗೆ, ದಡದ ಹತ್ರ ಗೂಡು. ಸೆಪ್ಟೆಂಬರ್ ಅಕ್ಟೋಬರಲ್ಲಿ ಕಳೆ ನೀರಿನ ಮೇಲೆ ಚಾಪೆ ಹಾಸಿದಂಗೆ ಆಗತ್ತಲ್ಲ, ಅದರ ಮೇಲೆ ರಬ್ಬರ್ ಕಪ್ಪೆ ಕುಣಿಸ್ತಾ ಬಂದ್ರೆ ಕೆಳಗಿಂದ ಚಾಪೆ ಒಡ್ಕೊಂಡು ಮೀನು ಎದ್ದು ಬರತ್ತೆ, ಆ ಸದ್ದು ಕೇಳಿದ್ರೆ ಎದೆ ಹೊಡ್ಕೊಳ್ಳತ್ತೆ, ನಿಜ ಹೇಳ್ತೀನಿ, ನನ್ನ ಕೆಲಸದ ಜೀವನದಲ್ಲಿ ಯಾವ ಪ್ರಮೋಷನ್ನೂ ಅಷ್ಟು ಖುಷಿ ಕೊಟ್ಟಿಲ್ಲ. ಇಲ್ಲಿ 15 ಇಂಚಿಗಿಂತ ಸಣ್ಣ ಬ್ಯಾಸ್ ಇಟ್ಕೊಳ್ಳೋಹಾಗಿಲ್ಲ. ದೊಡ್ಡ ಸ್ಪರ್ಧೆಗಳೂ ನಡೆಯತ್ತೆ, ಬ್ಯಾಸ್‌ಮಾಸ್ಟರ್ ಕ್ಲಾಸಿಕ್ ಅನ್ನೋದು 2014ರಲ್ಲೂ 2020ರಲ್ಲೂ ಇಲ್ಲೇ ಆಗಿದ್ದು, ಆ ದಿನಗಳಲ್ಲಿ ಊರಲ್ಲಿ ಕಾರ್ ನಿಲ್ಸೋಕೆ ಜಾಗ ಇರಲ್ಲ.

ಮನೆ ನೋಡೋಕೆ ಹೋಗೋರಿಗೆ ನನ್ನ ಒಂದು ಬಲವಾದ ಸಲಹೆ, ಏಪ್ರಿಲಲ್ಲಿ ಹೋಗ್ಬೇಡಿ, ಆಗಸ್ಟಲ್ಲಿ ಹೋಗಿ. ಏಪ್ರಿಲಲ್ಲಿ ಎಲ್ಲಾ ಕೆರೆಯೂ ಚೆನ್ನಾಗಿರತ್ತೆ, ಹೂವು ಬಿಟ್ಟಿರತ್ತೆ, ಚಿಕ್ಕ ಹುಡುಗ್ರೂ ಮೀನು ಹಿಡೀತಾರೆ. ಆಗಸ್ಟಲ್ಲಿ 35 ಡಿಗ್ರಿ ಬಿಸಿಲು, ಮಂಗಳೂರಿನ ಮೇ ತಿಂಗಳ ಬೆವರು, ಬೆಳಿಗ್ಗೆ ಐದೂವರೆಗೆ ನೀರಿನ ಹತ್ರ ಇದ್ದು ಒಂಬತ್ತಕ್ಕೆ ಮನೆ ಸೇರ್ಬೇಕು, ಮೀನು ಹಳೇ ನದಿಯ ಅಂಚಿನ ಆಳಕ್ಕೆ ಇಳಿದಿರತ್ತೆ ಇಲ್ಲಾ ಕಳೆ ಕೆಳಗೆ ಸೇರಿರತ್ತೆ. ಆ ತಿಂಗಳಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದು, ಆಗಲೂ ನಿಮಗೆ ಬೆಳಿಗ್ಗೆ ಹೋಗ್ಬೇಕು ಅನ್ನಿಸಿದ್ರೆ ಆ ಊರು ನಿಮ್ದು. ಜನವರಿಯಲ್ಲೂ ಒಮ್ಮೆ ಹೋಗಿ.

ನೀರಿನ ಯಜಮಾನ ಯಾರು ಅನ್ನೋದನ್ನೂ ತಿಳ್ಕೊಳ್ಳಿ. ಟೀವೀಏ ಕೆರೆ, ಸೈನ್ಯದ ಇಂಜಿನಿಯರ್ ದಳದ ಕೆರೆ, ನದಿ ಪ್ರಾಧಿಕಾರದ ಕೆರೆ, ಖಾಸಗಿ ಬಡಾವಣೆಯ ಕೆರೆ, ಒಂದೊಂದಕ್ಕೂ ಒಂದೊಂದು ಕಾನೂನು, ದಡದ ಮರ ಕಡಿಯೋಕೆ, ಬೋಟ್ ಕಟ್ಟೋ ಅಟ್ಟಣೆ ಹಾಕೋಕೆ ಪರ್ಮಿಟ್ ಬೇಕು, ಎಷ್ಟೋ ಕಡೆ ನಿಮ್ಮ ಜಾಗ ಅಂತ ತೋರ್ಸಿದ ದಡ ನಿಮ್ದಾಗಿರಲ್ಲ. ನಮ್ಮ ಪರಿಚಯದವರೊಬ್ರು ಬೇರೆ ರಾಜ್ಯದಲ್ಲಿ ಖಾಸಗಿ ಕೆರೆ ಬಡಾವಣೆಯಲ್ಲಿ ಮನೆ ತಗೊಂಡ್ರು, ಆಮೇಲೆ ಅಸೋಸಿಯೇಷನ್‌ನೋರು ದುಡ್ಡು ಸಾಲಲ್ಲ ಅಂತ ಅಣೆಕಟ್ಟಿನ ರಿಪೇರಿ ಮುಂದಕ್ಕೆ ಹಾಕಿ ಹಾಕಿ ಕೊನೆಗೆ ನೀರು ಇಳಿಸಿಬಿಟ್ರು. ಅದಕ್ಕೆ ನಾವು ನೀರಿಗೆ ಅಂಟಿದ ಮನೆ ತಗೊಳ್ಳಲಿಲ್ಲ, ಬೋಟ್ ನೀರಿಗಿಳಿಸೋ ಸಾರ್ವಜನಿಕ ರ‍್ಯಾಂಪ್‌ಗೆ ಹತ್ತು ನಿಮಿಷದ ದೂರದಲ್ಲಿ, ಗುಡ್ಡದ ಬುಡದಲ್ಲಿ, ಮೆಟ್ಟಿಲು ಇಲ್ಲದ ಒಂದಂತಸ್ತಿನ ಮನೆ. ನೀರಂಚಿನ ಮನೆಗೆ ಕೊಡೋ ದುಡ್ಡಿನ ಅರ್ಧಕ್ಕಿಂತ ಕಮ್ಮಿಗೆ ಆಯ್ತು, ಪ್ರವಾಹದ ಇನ್ಶೂರೆನ್ಸ್ ತಲೆನೋವೂ ಇಲ್ಲ.

ನನ್ನ ಹೆಂಡತಿ ಕೇಳಿದ ಪ್ರಶ್ನೆಯನ್ನ ಎಲ್ಲಾ ಗಂಡಸರೂ ತಮ್ಮ ಮನೆಯಲ್ಲಿ ಕೇಳಿಸ್ಕೋಬೇಕು. "ನೀವು ಹೋದ್ಮೇಲೆ ನಾನು ಇಲ್ಲಿ ಒಬ್ಳೇ ಇರೋಕಾಗತ್ತಾ?" ಅಂತ ಕೇಳಿದ್ಲು, ನೇರವಾಗಿ. ಮೀನು ನನ್ನ ಖುಷಿ, ಮನೆ ಇಬ್ಬರದೂ. ಅವಳಿಗೆ ಬೇಕಾಗಿದ್ದು ರಾತ್ರಿ ಹೊತ್ತು ಹೆದ್ದಾರಿ ಹಿಡಿಯದೆ ತಲುಪೋ ಆಸ್ಪತ್ರೆ, ದಾಸವಾಳ ಬೆಂಡೆ ಬೆಳೆಯೋ ಮಣ್ಣು, ಕನ್ನಡ ಮಾತಾಡೋಕೆ ಒಂದೆರಡು ಮನೆ. ಹಂಟ್ಸ್‌ವಿಲ್ ಇಲ್ಲಿಂದ ಮುಕ್ಕಾಲು ಗಂಟೆ, ನಾಸಾದ ಮಾರ್ಷಲ್ ಕೇಂದ್ರ ಇರೋ ಊರು, ಚಂದ್ರನ ಕಡೆ ಮನುಷ್ಯರನ್ನ ಕಳಿಸಿದ ಸ್ಯಾಟರ್ನ್ ರಾಕೆಟ್ ರೂಪಿಸಿದ ಜಾಗ, ಇಂಜಿನಿಯರ್‌ಗಳು ತುಂಬಿದ ಊರಾದ್ದರಿಂದ ನಮ್ಮವರೂ ಇದಾರೆ, ದೇವಸ್ಥಾನ ಇದೆ, ದೊಡ್ಡ ಆಸ್ಪತ್ರೆ ಇದೆ. ನಮ್ಮ ಹತ್ರದಲ್ಲೇ ಒಂದು ಸಣ್ಣ ಆಸ್ಪತ್ರೆಯೂ ಇದೆ. ಅವಳು ಯುಗಾದಿಗೆ ಹಂಟ್ಸ್‌ವಿಲ್‌ಗೆ ಹೋಗಿ ಹೋಳಿಗೆ ಮಾಡ್ಕೊಟ್ಟು ಬಂದ್ಮೇಲೆ "ಸರಿ" ಅಂದಿದ್ದು. ಸುಂಟರಗಾಳಿ ಮಾತ್ರ ಇಲ್ಲಿನ ದೊಡ್ಡ ಅಪಾಯ. 2011ರ ಏಪ್ರಿಲ್ 27ರಂದು ಒಂದೇ ದಿನ ಅಲಬಾಮಾದಲ್ಲಿ 200ಕ್ಕೂ ಹೆಚ್ಚು ಜನ ಹೋದ್ರು, ಇಲ್ಲಿನ ಸ್ಟೇಟ್ ಪಾರ್ಕ್ ಕ್ಯಾಂಪ್ ಜಾಗ ನೆಲಸಮ ಆಗಿತ್ತು. ಅದಕ್ಕೆ ಮನೆ ತಗೊಂಡ ಕೂಡಲೇ ಗ್ಯಾರೇಜಲ್ಲಿ ಉಕ್ಕಿನ ಶೆಲ್ಟರ್ ಹಾಕ್ಸಿದ್ವಿ, ರೇಡಿಯೋ ಇಟ್ವಿ, ಬಣ್ಣ ಹಚ್ಚೋದು ಆಮೇಲೆ.

ದುಡ್ಡಿನ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಅಲಬಾಮಾದಲ್ಲಿ ರಾಜ್ಯದ ಇನ್‌ಕಮ್ ಟ್ಯಾಕ್ಸ್ ಇದೆ, 5% ವರೆಗೆ, ಆದ್ರೆ ಸೋಶಿಯಲ್ ಸೆಕ್ಯುರಿಟಿ, ಅಂದ್ರೆ ಇಲ್ಲಿನ ಸರ್ಕಾರಿ ಪಿಂಚಣಿ, ಅದರ ಮೇಲೆ ಹಾಕಲ್ಲ, ಮನೆ ತೆರಿಗೆ ಬಹಳ ಕಮ್ಮಿ. ಟೆಕ್ಸಸಲ್ಲಿ ಇನ್‌ಕಮ್ ಟ್ಯಾಕ್ಸ್ ಇಲ್ಲ, ಮನೆ ತೆರಿಗೆ ಜೋರು, 65 ಆದ್ಮೇಲೆ ಸ್ಕೂಲ್ ತೆರಿಗೆ ಏರದ ಹಾಗೆ ನಿಲ್ಸ್ತಾರೆ. ಮೀನಿನ ಲೈಸೆನ್ಸ್ ಅಲಬಾಮಾದಲ್ಲೂ 65 ದಾಟಿದ ನಿವಾಸಿಗೆ ಬೇಡ, ಟೆಕ್ಸಸಲ್ಲಿ ಹಿರಿಯರಿಗೆ ಕಮ್ಮಿ ದರದ್ದು. ಬೋಟ್ ತಗೊಳ್ಳೋದಾದ್ರೆ ಹೊಸದು ಬೇಡ, ಅಲ್ಯೂಮಿನಿಯಂ ಸಣ್ಣದು ಸಾಕು, ಒಬ್ರೇ ಟ್ರೇಲರಿಂದ ಇಳಿಸೋಹಾಗಿರ್ಬೇಕು.

ಈಗ ಆ ಹಿರಿಯರ ಮುಖ್ಯ ಪ್ರಶ್ನೆ, ಊರಿಗೆ ಯಾಕೆ ಬರ್ಲಿಲ್ಲ. ಸ್ವಾಮಿ, ಸೋಶಿಯಲ್ ಸೆಕ್ಯುರಿಟಿ ದುಡ್ಡು ಇಂಡಿಯಾದಲ್ಲಿದ್ರೂ ಬರತ್ತೆ, ಮೆಡಿಕೇರ್, ಅಂದ್ರೆ ಇಲ್ಲಿ ಹಿರಿಯರಿಗಿರೋ ಸರ್ಕಾರಿ ಆರೋಗ್ಯ ವಿಮೆ, ಮಾತ್ರ ದೇಶದ ಆಚೆ ಆಸ್ಪತ್ರೆ ಖರ್ಚು ಕೊಡಲ್ಲ. ಜೀವನಪೂರ್ತಿ ಕಟ್ಟಿದ ವಿಮೆ ಬೇಕಾದ ವಯಸ್ಸಲ್ಲೇ ಕೈಬಿಟ್ಟು ಬರೋದು ಹೃದಯದ ತೊಂದರೆ ಇರೋ ನನ್ನಂಥವನಿಗೆ ಸುಲಭ ಅಲ್ಲ. ಮಗಳು ಇಲ್ಲಿ. ವರ್ಷಕ್ಕೊಮ್ಮೆ ಸಾಗರಕ್ಕೆ ಬಂದೇ ಬರ್ತೀನಿ, ಅಣ್ಣನ ಮನೆಯಲ್ಲಿ ಇರ್ತೀನಿ, ಊರಿನ ಮೇಲೆ ಪ್ರೀತಿ ಒಂದಿಷ್ಟೂ ಕಮ್ಮಿ ಆಗಿಲ್ಲ. ಆದ್ರೆ ಅಲ್ಲಿ ಬಂದಾಗ ನನ್ನಂಥ ಮುದುಕನಿಗೆ ಹೇಳಿ ಕೇಳಿ ಧೈರ್ಯವಾಗಿ ಗಾಳ ಹಾಕೋ ನೀರು ಎಲ್ಲಿದೆ? ಕೆರೆಗಳನ್ನ ಇಲಾಖೆ ಮೀನುಗಾರರ ಸಹಕಾರ ಸಂಘಕ್ಕೋ ಟೆಂಡರ್‌ನವರಿಗೋ ಗುತ್ತಿಗೆ ಕೊಟ್ಟಿರತ್ತೆ, ಅದು ಅವರ ಹೊಟ್ಟೆಪಾಡು, ಅಲ್ಲಿ ಹೋಗಿ ಗಾಳ ಹಾಕೋದು ತಪ್ಪು. ಅಭಯಾರಣ್ಯದ ಒಳಗೆ ಹಾಕೋಹಾಗಿಲ್ಲ. ತೀರ್ಥಹಳ್ಳಿಯ ಚಿಪ್ಪಲಗುಡ್ಡೆ, ಶೃಂಗೇರಿ, ಶಿಶಿಲ, ಇವೆಲ್ಲ ಮತ್ಸ್ಯಧಾಮ, ದೇವರ ಮೀನು, ಅದು ಹಾಗೇ ಇರ್ಬೇಕು.

ಕೆಲವರು ನಂಗೆ ಹೇಳಿದ್ದುಂಟು, ಅಷ್ಟು ಒಳ್ಳೆ ಮೀನಾದ್ರೆ ಬ್ಯಾಸ್ ಮರಿ ತಂದು ನಮ್ಮ ಡ್ಯಾಮ್‌ಗಳಿಗೆ ಬಿಡಿ, ಟೂರಿಸಂ ಆಗತ್ತೆ ಅಂತ. ಕೈ ಮುಗಿದು ಹೇಳ್ತೀನಿ, ಆ ಕೆಲಸ ಯಾರೂ ಮಾಡ್ಬೇಡಿ. ಜಪಾನಿಗೆ 1925ರಲ್ಲಿ ಬ್ಯಾಸ್ ತಂದ್ರು, ಅದು ಹರಡಿ ಹರಡಿ ಬೀವಾ ಅನ್ನೋ ಪುರಾತನ ಸರೋವರಕ್ಕೂ ಸೇರ್ತು, ಅಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಸಣ್ಣ ಮೀನುಗಳನ್ನ ತಿಂದು ಹಾಕ್ತು. ವಿಶ್ವದಾಖಲೆ ನೋಡಿ, ಜಾರ್ಜಿಯಾದಲ್ಲಿ 1932ರಲ್ಲಿ ಜಾರ್ಜ್ ಪೆರಿ ಹಿಡಿದ 22 ಪೌಂಡ್ 4 ಔನ್ಸ್ ಬ್ಯಾಸನ್ನ ಸರಿಗಟ್ಟಿದ್ದು 2009ರಲ್ಲಿ ಮನಾಬು ಕುರಿತಾ ಅದೇ ಬೀವಾದಲ್ಲಿ ಹಿಡಿದ ಮೀನು, ಆದ್ರೆ ಆ ಪ್ರಾಂತ್ಯದಲ್ಲಿ 2003ರಿಂದ ಹಿಡಿದ ಬ್ಯಾಸನ್ನ ವಾಪಸ್ ನೀರಿಗೆ ಬಿಡೋದೇ ನಿಷಿದ್ಧ. ನಮ್ಮ ಕಾವೇರಿಯ ಕತೆ ಇನ್ನೂ ಹತ್ರದ್ದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದಿದ್ರು, ಐವತ್ತನಾಲ್ಕು ಕೇಜಿ, ಇಲ್ಲಿನೋರಿಗೆ ಹೇಳಿದ್ರೆ ನಂಬಲ್ಲ. ಆ ಗೂನುಬೆನ್ನಿನ ಮಹಶೀರ್ ಕಾವೇರಿ ಸೀಮೆ ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ, 2018ರಲ್ಲಿ ಅದನ್ನ ಅತ್ಯಂತ ಅಳಿವಿನಂಚಿನ ಪಟ್ಟಿಗೆ ಸೇರಿಸಿದಾರೆ. ಹೊರಗಿನಿಂದ ತಂದು ಬಿಟ್ಟ ಇನ್ನೊಂದು ಜಾತಿ ಮಹಶೀರ್ ಅದರ ಜಾಗ ಆಕ್ರಮಿಸಿದ್ದು ಅದು ಕಮ್ಮಿ ಆಗೋಕೆ ಒಂದು ಕಾರಣ. ಅದರ ಜೊತೆ ಬ್ಯಾಸೂ ಬಂದ್ರೆ ಮುಗೀತು.

ಆದ್ರೆ ಇಲ್ಲಿನ ನಿಯಮ, ಇಲ್ಲಿನ ವ್ಯವಸ್ಥೆ ಖಂಡಿತ ತರ್ಬಹುದು. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಯಲ್ಲಿ ಹಿಂದೆ ಮಹಶೀರ್ ಹಿಡಿದು ಬಿಡೋ ಕ್ಯಾಂಪ್ ಇತ್ತು, ವನ್ಯಧಾಮದ ಕಾನೂನಿಂದ ನಿಂತ್ಹೋಯ್ತು, ಅದರ ವಾದ ಬೇರೆ, ನಾನು ಕೇಳ್ತಿರೋದು ಅಷ್ಟು ದೊಡ್ಡದಲ್ಲ. ಅಭಯಾರಣ್ಯದ ಆಚೆ ಇರೋ ಜಲಾಶಯಗಳಲ್ಲಿ ಒಂದೊಂದು ಕಡೆ ದಡದ ಸ್ವಲ್ಪ ಭಾಗ ಗುರುತು ಮಾಡಿ, ಅಲ್ಲಿನ ಮೀನುಗಾರರ ಸಂಘದವರ ಕೈಯಲ್ಲೇ ಪಾಸ್ ಕೊಡಿಸಿ, ಬಂದ ದುಡ್ಡು ಅವರಿಗೇ ಹೋಗ್ಲಿ, ಬಲೆ ಬೇಡ, ಬರೀ ಗಾಳ, ಎಷ್ಟು ಉದ್ದದ ಮೀನು ಇಟ್ಕೋಬಹುದು ಅಂತ ಬೋರ್ಡ್ ಹಾಕಿ, ನಾಲ್ಕು ಕಲ್ಲು ಬೆಂಚು, ಒಂದು ಮರದ ನೆರಳು, ಜಾರದ ಹಾಗೆ ಮೆಟ್ಟಿಲು, ಹಿರಿಯರಿಗೆ ಅರ್ಧ ದರ. ಶಿವಮೊಗ್ಗ, ಹಾಸನ, ಮೈಸೂರು ಕಡೆ ರಿಟೈರ್ ಆದ ಮೇಷ್ಟ್ರು, ಬ್ಯಾಂಕಿನೋರು, ಕೆಇಬಿಯವರು ಎಷ್ಟು ಜನ ಮನಸ್ಸಲ್ಲೇ ಗಾಳದ ಆಸೆ ಇಟ್ಕೊಂಡು ಮನೆಯಲ್ಲಿ ಕೂತಿದಾರೆ ಅಂತ ನಂಗೆ ಗೊತ್ತು, ಊರಿಗೆ ಬಂದಾಗೆಲ್ಲ ನನ್ನ ಫೋನಲ್ಲಿರೋ ಮೀನಿನ ಫೋಟೋ ಕೇಳಿ ಕೇಳಿ ನೋಡೋರು ಅವರೇ. ನಿಮ್ಮ ವರದಿಗಾರರು ಮೀನುಗಾರಿಕೆ ಇಲಾಖೆಯವರನ್ನ ಕಂಡು, ಈಗ ಯಾವ ಯಾವ ಜಲಾಶಯದಲ್ಲಿ ಸಾಮಾನ್ಯ ಜನ ಗಾಳ ಹಾಕೋಕೆ ಅನುಮತಿ ಇದೆ, ಲೈಸೆನ್ಸ್ ಎಲ್ಲಿ ಸಿಗತ್ತೆ, ಎಷ್ಟು ದುಡ್ಡು ಅಂತ ಜಿಲ್ಲಾವಾರು ಒಂದು ವರದಿ ಹಾಕ್ಬೇಕು ಅಂತ ಕೇಳ್ಕೊಳ್ತೀನಿ. ಡಿಸೆಂಬರಲ್ಲಿ ಸಾಗರಕ್ಕೆ ಬರ್ತಿದೀನಿ, ಅಷ್ಟರೊಳಗೆ ಬಂದ್ರೆ ನಂಗೂ ಉಪಯೋಗ ಆಗತ್ತೆ.

ಇಂತಿ,
ನಿಮ್ಮ ಹಳೇ ಓದುಗ
ಗಂಟರ್ಸ್‌ವಿಲ್, ಅಲಬಾಮಾ (ಮೂಲ: ಸಾಗರ ತಾಲ್ಲೂಕು)